ಕುಣಿಸಿದ ದನಿ ಯಾರದು, ದುಡ್ಡು ಯಾರಿಗೆ? ಮಾರ್ಥಾ ವಾಶ್ ಕಥೆ ಈಗ ಯಾಕೆ ಮುಖ್ಯ

1991ರ ಫೆಬ್ರವರಿಯಲ್ಲಿ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಎಂಬ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದ ಹಾಡು 'ಗೊನ್ನಾ ಮೇಕ್ ಯು ಸ್ವೆಟ್'. ಹೆಸರು ಕೇಳಿದರೆ ನೆನಪಾಗದೇ ಇರಬಹುದು. 'ಎವ್ರಿಬಡಿ ಡ್ಯಾನ್ಸ್ ನೌ' ಅಂತ ಹೊಟ್ಟೆಯಾಳದಿಂದ ಎದ್ದು ಬರುವ ಆ ಹೆಣ್ಣು ದನಿ ಅಂದರೆ ಸಾಕು, ಥಟ್ ಅಂತ ಗೊತ್ತಾಗುತ್ತದೆ. ಸಿನಿಮಾ, ಜಾಹೀರಾತು, ಆಟದ ಮೈದಾನ, ಮೂರು ದಶಕದಿಂದ ಎಲ್ಲಾ ಕಡೆ ಕೇಳಿಸುತ್ತಲೇ ಇದೆ. ವಿಡಿಯೊದಲ್ಲಿ ಆ ಸಾಲಿಗೆ ತುಟಿ ಆಡಿಸಿದವರು ಜೆಲ್ಮಾ ಡೇವಿಸ್, ತೆಳ್ಳಗೆ ಬೆಳ್ಳಿತೆರೆಗೆ ಒಪ್ಪುವ ಯುವತಿ. ಹಾಡಿದವರು ಮಾರ್ಥಾ ವಾಶ್. ಮುಖ್ಯ ಗಾಯಕಿ ಅಂತ ಅವರ ಹೆಸರನ್ನು ಯಾರೂ ಹಾಕಲಿಲ್ಲ.

ಹಳೇ ಕಥೆ, ಬಿಡಿ ಅನ್ನಬಹುದಿತ್ತು. ಆದರೆ 2025ರ ಕೊನೆಯಲ್ಲಿ ಆದದ್ದನ್ನು ನೋಡಿ. ಹೇವನ್ ಅನ್ನುವ ಹೆಸರಿನಲ್ಲಿ ಬಂದ 'ಐ ರನ್' ಎಂಬ ಡ್ಯಾನ್ಸ್ ಹಾಡು ಟಿಕ್‌ಟಾಕ್‌ನಲ್ಲಿ ಕಾಡ್ಗಿಚ್ಚಿನಂತೆ ಹಬ್ಬಿತು. ಅದರಲ್ಲಿನ ದನಿ ಬ್ರಿಟಿಷ್ ಗಾಯಕಿ ಜೋರ್ಜಾ ಸ್ಮಿತ್ ಅವರದು ಅಂತ ಎಷ್ಟೋ ಜನ ಅಂದುಕೊಂಡರು. ಅವರು ಅದನ್ನು ಹಾಡೇ ಇರಲಿಲ್ಲ. ಆ ದನಿ ಸುನೋ ಎಂಬ ಎಐ ಸಾಧನದ ಒಳಹೊಕ್ಕು ಹೊರಬಂದಿತ್ತು. ದೂರು ಹೋಯಿತು, ಸ್ಟ್ರೀಮಿಂಗ್ ವೇದಿಕೆಗಳಿಂದ ಹಾಡು ಇಳಿಯಿತು, ಆಮೇಲೆ ಬೇರೊಬ್ಬ ಗಾಯಕಿಯಿಂದ ಹಾಡಿಸಿ ಮತ್ತೆ ಬಿಟ್ಟರು. ಡ್ಯಾನ್ಸ್ ಸಂಗೀತದ ಚರಿತ್ರೆ ಗೊತ್ತಿರುವವರಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ದನಿಯನ್ನು ಮನುಷ್ಯರಿಂದ ಬಿಡಿಸಿ, ಬೇಕಾದ ಕಡೆ ಅಂಟಿಸುವುದು ಈ ಧಂದೆಯ ಹಳೇ ಕಸುಬು. ಮಾರ್ಥಾ ವಾಶ್ ಅವರ ಬದುಕನ್ನು ಒಮ್ಮೆ ಪೂರ್ತಿ ನೋಡಿದರೆ ಈಗಿನ ಎಐ ಜಗಳದ ಬೇರು ಎಲ್ಲಿದೆ ಅಂತ ಗೊತ್ತಾಗುತ್ತದೆ. ಅವರ ಹೋರಾಟದಿಂದ ಗಾಯಕಿಯರಿಗೆ ಹೆಸರು ಸಿಕ್ಕಿತು. ಹಣದ ಲೆಕ್ಕ ಮಾತ್ರ ಹೆಚ್ಚು ಕಡಿಮೆ ಇದ್ದಲ್ಲೇ ಇದೆ.

ಮಾರ್ಥಾ ಹುಟ್ಟಿದ್ದು 1953ರ ಡಿಸೆಂಬರ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಚರ್ಚಿನ ಗಾಸ್ಪೆಲ್ ಹಾಡುಗಳಲ್ಲಿ ಪಳಗಿದ ಗಂಟಲು. 1976ರಲ್ಲಿ ಸಿಲ್ವೆಸ್ಟರ್ ಎಂಬ ಗಾಯಕನಿಗೆ ಹಿನ್ನೆಲೆ ದನಿಗಳು ಬೇಕಿದ್ದವು. ಮಾರ್ಥಾ ಹಾಡಿದ್ದನ್ನು ಕೇಳಿದ ಸಿಲ್ವೆಸ್ಟರ್, ಅಲ್ಲಿದ್ದ ತೆಳ್ಳಗಿನ ಇಬ್ಬರು ಹುಡುಗಿಯರನ್ನು ಮನೆಗೆ ಕಳಿಸಿ, ನಿನ್ನ ಹಾಗೇ ದಪ್ಪಗಿರುವ, ನಿನ್ನ ಹಾಗೇ ಹಾಡುವ ಇನ್ನೊಬ್ಬಳು ಗೊತ್ತಾ ಅಂತ ಕೇಳಿದನಂತೆ. ಮಾರ್ಥಾ ಕರೆತಂದದ್ದು ಐಜೋರಾ ರೋಡ್ಸ್ ಅವರನ್ನು. ಇಬ್ಬರೂ ಸೇರಿ 'ಟೂ ಟನ್ಸ್ ಓ ಫನ್' ಅಂತ ಹೆಸರಿಟ್ಟುಕೊಂಡರು. ತಮ್ಮ ಮೈತೂಕವನ್ನು ತಾವೇ ಹಾಸ್ಯ ಮಾಡಿಕೊಂಡ ಹೆಸರು. ಸಿಲ್ವೆಸ್ಟರ್‌ನ 1978ರ 'ಯು ಮೇಕ್ ಮಿ ಫೀಲ್' ಕೇಳಿ ನೋಡಿ, ಮೇಲಿನ ಸ್ಥಾಯಿಯಲ್ಲಿ ಹಾರಾಡುವ ಅವನ ದನಿಯ ಅಡಿಯಲ್ಲಿ ಗೋಡೆಯ ಹಾಗೆ ನಿಂತಿರುವುದು ಈ ಇಬ್ಬರೇ.

ಸಿಲ್ವೆಸ್ಟರ್ ಬಗ್ಗೆ ಇನ್ನೊಂದು ಮಾತು. ಆತ ತನ್ನ ಹಿನ್ನೆಲೆ ಗಾಯಕಿಯರನ್ನು ಬಚ್ಚಿಡಲಿಲ್ಲ. ವೇದಿಕೆಯ ಮುಂದೆಯೇ ನಿಲ್ಲಿಸಿದ. ಡಿಸ್ಕೊ ಕಾಲದಲ್ಲಿ, ಅದರಲ್ಲೂ ಗೇ ಕ್ಲಬ್ಬುಗಳಲ್ಲಿ, ದಪ್ಪಗಿರುವ ಕಪ್ಪು ಹೆಂಗಸು ಗಂಟಲು ಬಿಟ್ಟು ಹಾಡಿದರೆ ಜನ ಹಬ್ಬ ಮಾಡುತ್ತಿದ್ದರು. ಮಾರ್ಥಾಗೆ ಆಮೇಲೆ ಎದುರಾದ ಸಂಗೀತಲೋಕ ಹೀಗಿರಲಿಲ್ಲ, ಅದಕ್ಕೇ ಇದನ್ನು ಹೇಳಿದೆ.

1982ರಲ್ಲಿ ಇದೇ ಜೋಡಿ 'ಇಟ್ಸ್ ರೈನಿಂಗ್ ಮೆನ್' ಹಾಡಿತು. ಪಾಲ್ ಜಬಾರಾ ಮತ್ತು ಪಾಲ್ ಶಾಫರ್ ಬರೆದಿದ್ದ ಹಾಡು. ಡೊನ್ನಾ ಸಮ್ಮರ್, ಡಯಾನಾ ರಾಸ್, ಶೇರ್, ಬಾರ್ಬ್ರಾ ಸ್ಟ್ರೈಸಂಡ್, ಎಲ್ಲರೂ ಬೇಡ ಅಂದಿದ್ದರು. ಗಂಡಸರ ಮಳೆ ಸುರಿಯುತ್ತದೆ ಅನ್ನುವ ಮಾತು ಕೇಳಿ ಮಾರ್ಥಾ ಮತ್ತು ಐಜೋರಾ ಕೂಡ ಮೊದಲು ತಮಾಷೆ ಅಂತ ನಕ್ಕಿದ್ದರು. ಹಾಡಿದ ಮೇಲೆ ಜೋಡಿಯ ಹೆಸರೇ ಬದಲಾಗಿ 'ದ ವೆದರ್ ಗರ್ಲ್ಸ್' ಆಯಿತು. ಅಮೆರಿಕದ ಡ್ಯಾನ್ಸ್ ಪಟ್ಟಿಯಲ್ಲಿ ಮೊದಲ ಸ್ಥಾನ, 1984ರಲ್ಲಿ ಬ್ರಿಟನ್ನಿನಲ್ಲಿ ಎರಡನೇ ಸ್ಥಾನ. ಹಾಟ್ 100ರಲ್ಲಿ ಮಾತ್ರ 46ರ ಮೇಲೆ ಏರಲಿಲ್ಲ. ಕ್ಲಬ್ಬಿನಲ್ಲಿ ರಾಣಿಯರು, ರೇಡಿಯೊದಲ್ಲಿ ಅಪರಿಚಿತರು. ಡ್ಯಾನ್ಸ್ ಗಾಯಕಿಯರ ಪಾಡೇ ಇದು. 1988ರ ಹೊತ್ತಿಗೆ ಜೋಡಿ ಒಡೆಯಿತು, ಅದೇ ವರ್ಷ ಡಿಸೆಂಬರ್‌ನಲ್ಲಿ ಸಿಲ್ವೆಸ್ಟರ್ ಏಡ್ಸ್‌ಗೆ ಬಲಿಯಾದ. ಮಾರ್ಥಾ ಹೊಟ್ಟೆಪಾಡಿಗೆ ಸೆಷನ್ ಕೆಲಸ ಹಿಡಿದರು. ಸ್ಟುಡಿಯೊಗೆ ಹೋಗಿ ಹಾಡುವುದು, ಒಂದು ಸಲದ ಸಂಭಾವನೆ ಇಸಕೊಂಡು ಬರುವುದು.

ಗಲಾಟೆ ಶುರುವಾಗುವುದು ಇಲ್ಲಿಂದಲೇ.

ಡ್ಯಾನ್ಸ್ ಹಾಡು ಹುಟ್ಟುವ ರೀತಿಯೇ ಬೇರೆ. ರಾಕ್ ಬ್ಯಾಂಡ್‌ನಲ್ಲಿ ಹಾಡುವವನೇ ಬ್ಯಾಂಡಿನ ಮುಖ. ಹೌಸ್ ಎಂಬ ಕ್ಲಬ್ ಡ್ಯಾನ್ಸ್ ಸಂಗೀತದಲ್ಲಿ ಯಜಮಾನ ಅಂದರೆ ಪ್ರೊಡ್ಯೂಸರ್. ಅವನು ಮೊದಲು ಬೀಟ್ ಕಟ್ಟುತ್ತಾನೆ, ಬಾಸ್ ಸೇರಿಸುತ್ತಾನೆ, ಕೊನೆಗೆ ಮೇಲೊಂದು ದನಿ ಬೇಕು ಅಂತ ಗಾಯಕಿಯನ್ನು ಕರೆಸುತ್ತಾನೆ. ಅವಳು ಹಾಡಿದ್ದನ್ನು ಕತ್ತರಿಸುತ್ತಾನೆ, ಎರಡು ಪದ ತೆಗೆದು ಹದಿನಾರು ಸಲ ತಿರುಗಿಸುತ್ತಾನೆ. ಸ್ಯಾಂಪ್ಲರ್ ಯಂತ್ರಗಳು ಅಗ್ಗವಾದ ಎಂಬತ್ತರ ದಶಕದ ಕೊನೆಯಲ್ಲಿ ಕರೆಸುವ ಕೆಲಸವೂ ತಪ್ಪಿತು. ಹಳೇ ರೆಕಾರ್ಡಿನಿಂದ ದನಿ ಎತ್ತಿಕೊಂಡರೆ ಆಯಿತು. ಕ್ಲಬ್ಬಿನ ಕತ್ತಲಲ್ಲಿ ಯಾರು ಹಾಡಿದ್ದು ಅಂತ ಯಾರು ಕೇಳುತ್ತಾರೆ? ಆದರೆ ಅದೇ ಹಾಡು ಹಿಟ್ ಆಗಿ ಎಂಟಿವಿಗೆ ಹೋದಾಗ ಅಲ್ಲಿಗೆ ಒಂದು ಮುಖ ಬೇಕಾಗುತ್ತದೆ. ಕಂಪನಿಗಳ ಲೆಕ್ಕದಲ್ಲಿ ಆ ಮುಖ ಸಣ್ಣಗೆ, ಚೆಲುವಾಗಿ, ಚಿಕ್ಕ ವಯಸ್ಸಿನದಾಗಿ ಇರಬೇಕು. ದನಿ ಮಾತ್ರ ಚರ್ಚಿನಲ್ಲಿ ಇಪ್ಪತ್ತು ವರ್ಷ ಹಾಡಿದ ಹೆಂಗಸಿನದೇ ಬೇಕು. ಎರಡೂ ಒಬ್ಬರಲ್ಲೇ ಸಿಗದಿದ್ದಾಗ ಒಬ್ಬರಿಂದ ದನಿ ತೆಗೆದುಕೊಂಡು ಇನ್ನೊಬ್ಬರಿಂದ ಮುಖ ತೆಗೆದುಕೊಂಡರು.

ಇದರ ಮೊದಲ ದೊಡ್ಡ ಬಲಿ ಲೋಲಿಯಾಟಾ ಹಾಲೊವೇ. ಶಿಕಾಗೊದ ಗಾಸ್ಪೆಲ್ ಗಾಯಕಿ. 1980ರಲ್ಲಿ 'ಲವ್ ಸೆನ್ಸೇಷನ್' ಹಾಡಿದ್ದರು. 1989ರಲ್ಲಿ ಬ್ಲ್ಯಾಕ್ ಬಾಕ್ಸ್ ಎಂಬ ಇಟಲಿಯ ತಂಡ ಆ ಹಾಡಿನಿಂದ ದನಿಯ ತುಣುಕುಗಳನ್ನು ಎತ್ತಿ 'ರೈಡ್ ಆನ್ ಟೈಮ್' ಮಾಡಿತು. ಬ್ರಿಟನ್ನಿನಲ್ಲಿ ಆರು ವಾರ ಮೊದಲ ಸ್ಥಾನ, ಆ ವರ್ಷ ಅಲ್ಲಿ ಅತಿ ಹೆಚ್ಚು ಮಾರಾಟವಾದ ಸಿಂಗಲ್. ಟೀವಿಯಲ್ಲಿ ತುಟಿ ಆಡಿಸಿದವರು ಕ್ಯಾಟ್ರಿನ್ ಕ್ವಿನಾಲ್ ಎಂಬ ಮಾಡೆಲ್. ಕಾನೂನು ಜಗಳ ಶುರುವಾದ ಮೇಲೆ ಹೆದರ್ ಸ್ಮಾಲ್ ಎಂಬ ಗಾಯಕಿಯಿಂದ ಮತ್ತೆ ಹಾಡಿಸಿದ ಆವೃತ್ತಿಯೊಂದು ಬಂತು. 'ಐ ರನ್' ಕಥೆಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ದನಿ ಎತ್ತು, ಹಿಟ್ ಮಾಡು, ಸಿಕ್ಕಿಬಿದ್ದರೆ ಬೇರೆಯವರಿಂದ ಹಾಡಿಸು. ಮೂವತ್ತಾರು ವರ್ಷ ಆದರೂ ದಾರಿ ಅದೇ!

ಬ್ಲ್ಯಾಕ್ ಬಾಕ್ಸ್‌ಗೆ ಈಗ ಇನ್ನೊಂದು ದೊಡ್ಡ ದನಿ ಬೇಕಾಯಿತು. ಬಂದವರು ಮಾರ್ಥಾ. ಬೇರೆ ಯಾರೋ ಹಾಡುವುದಕ್ಕೆ ಡೆಮೊ ಮಾಡಿಕೊಡುತ್ತಿದ್ದೇನೆ ಅಂತ ಅವರು ತಿಳಿದಿದ್ದರು. 1990ರ 'ಡ್ರೀಮ್‌ಲ್ಯಾಂಡ್' ಆಲ್ಬಮ್ಮಿನ ಆರು ಹಾಡುಗಳಲ್ಲಿ ಇರುವುದು ಅವರದೇ ದನಿ. 'ಎವ್ರಿಬಡಿ ಎವ್ರಿಬಡಿ' ಮತ್ತು 'ಸ್ಟ್ರೈಕ್ ಇಟ್ ಅಪ್' ಎರಡೂ ಅಮೆರಿಕದಲ್ಲಿ ಮೊದಲ ಹತ್ತರೊಳಗೆ ಹೋದವು. ಹೆಸರು ಎಲ್ಲೂ ಇಲ್ಲ, ವಿಡಿಯೊದಲ್ಲಿ ಮತ್ತೆ ಕ್ಯಾಟ್ರಿನ್. ಅದೇ ಸುಮಾರಿಗೆ ಸಿಡಕ್ಷನ್ ಎಂಬ ಹುಡುಗಿಯರ ತಂಡದ ಹಾಡಿನಲ್ಲೂ ಇವರದೇ ಮುಖ್ಯ ದನಿ ಇತ್ತು, ಅಲ್ಲೂ ಮುಖ್ಯ ಗಾಯಕಿ ಅಂತ ಹೆಸರಿಲ್ಲ. ಸಿಡಕ್ಷನ್ ಹಿಂದೆ ಇದ್ದವರು ರಾಬರ್ಟ್ ಕ್ಲಿವಿಲೆಸ್ ಮತ್ತು ಡೇವಿಡ್ ಕೋಲ್. ಇವರೇ 'ಗೊನ್ನಾ ಮೇಕ್ ಯು ಸ್ವೆಟ್' ಮಾಡಿದ ಸಿ ಪ್ಲಸ್ ಸಿ ಮ್ಯೂಸಿಕ್ ಫ್ಯಾಕ್ಟರಿ ತಂಡದ ಎರಡು 'ಸಿ'ಗಳು.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಮೂರು ಸಲ ಮೋಸ ಹೋದರೂ ಆಕೆ ಯಾಕೆ ಮತ್ತೆ ಹೋದರು? ಸೆಷನ್ ಹಾಡುವವರನ್ನು ಕೇಳಿ ನೋಡಿ, ಈ ಪ್ರಶ್ನೆಗೆ ನಗುತ್ತಾರೆ. ಕೆಲಸ ಅಂದರೆ ಕೆಲಸ. ಕರೆದರೆ ಹೋಗಬೇಕು, ಇಲ್ಲಾಂದರೆ ಮುಂದಿನ ಸಲ ಕರೆಯುವುದಿಲ್ಲ. ಜೊತೆಗೆ, ಸ್ಟುಡಿಯೊದಲ್ಲಿ ಹಾಡಿದ್ದಕ್ಕೂ ಅದು ಹಿಟ್ ಆಗುವುದಕ್ಕೂ ನಡುವೆ ತಿಂಗಳುಗಟ್ಟಲೆ ಅಂತರ ಇರುತ್ತದೆ. ತಮ್ಮ ದನಿ ಯಾರ ಬಾಯಲ್ಲಿ ಬರುತ್ತಿದೆ ಅಂತ ಟೀವಿ ನೋಡಿದ ಮೇಲೇ ಗೊತ್ತಾಗುವುದು.

1990ರ ಡಿಸೆಂಬರ್‌ನಲ್ಲಿ ಮಾರ್ಥಾ ಕೋರ್ಟಿಗೆ ಹೋದರು. ವಂಚನೆ, ದಾರಿ ತಪ್ಪಿಸುವ ಪ್ಯಾಕೇಜಿಂಗ್, ದನಿಯ ವ್ಯಾಪಾರಿ ಬಳಕೆ ಅಂತ ದೂರು. ಕಾಲವೂ ಕೂಡಿ ಬಂದಿತ್ತು. ಒಂದು ತಿಂಗಳ ಹಿಂದಷ್ಟೇ ಮಿಲಿ ವನಿಲಿ ಜೋಡಿ ತಮ್ಮ ಹಾಡುಗಳನ್ನು ತಾವು ಹಾಡಿಯೇ ಇಲ್ಲ ಅಂತ ಬಯಲಾಗಿ, ಅವರ ಗ್ರ್ಯಾಮಿ ಪ್ರಶಸ್ತಿ ವಾಪಸ್ ಹೋಗಿತ್ತು. ಕಂಪನಿಗಳು ಹೆದರಿದ್ದವು. ಬ್ಲ್ಯಾಕ್ ಬಾಕ್ಸ್ ಹಾಡುಗಳನ್ನು ಬಿಟ್ಟಿದ್ದ ಆರ್‌ಸಿಎ ಕಂಪನಿ ರಾಜಿ ಮಾಡಿಕೊಂಡು ಮಾರ್ಥಾಗೆ ಸ್ವಂತ ರೆಕಾರ್ಡಿಂಗ್ ಒಪ್ಪಂದ ಕೊಟ್ಟಿತು. ಸಿ ಪ್ಲಸ್ ಸಿ ಕೇಸು 1994ರ ತನಕ ಎಳೆಯಿತು. ಕೊನೆಗೆ ಆ ಹಾಡನ್ನು ಬಿಟ್ಟಿದ್ದ ಸೋನಿ ಕಂಪನಿ ಎಂಟಿವಿಗೆ ಹೇಳಿ ವಿಡಿಯೊದಲ್ಲಿ ಒಂದು ಸಾಲು ಸೇರಿಸಿತು: ದನಿ ಮಾರ್ಥಾ ವಾಶ್, ದೃಶ್ಯ ಜೆಲ್ಮಾ ಡೇವಿಸ್. ಪಾಪ, ಜೆಲ್ಮಾ ಅವರನ್ನು ಖಳನಾಯಕಿ ಮಾಡುವುದೂ ಬೇಡ. ಅವರೂ ಗಾಯಕಿಯೇ, ಅದೇ ತಂಡದ ಬೇರೆ ಹಾಡುಗಳಲ್ಲಿ ಅವರದೇ ದನಿ ಇದೆ. ಅವರಿಗೆ ಸಿಕ್ಕಿದ್ದೂ ಬೇರೆಯವರು ಬರೆದಿಟ್ಟ ಪಾತ್ರ.

ಸಿನಿಮಾ ಹಾಡು ಕೇಳಿ ಬೆಳೆದ ನಮಗೆ ಇದೆಲ್ಲ ಸ್ವಲ್ಪ ವಿಚಿತ್ರ ಅನ್ನಿಸಬಹುದು. ನಟಿ ತುಟಿ ಆಡಿಸುವುದು, ಗಾಯಕಿ ಹಾಡುವುದು ನಮಗೆ ಮೋಸವೇ ಅಲ್ಲ. ಹಿನ್ನೆಲೆ ಗಾಯಕಿಯ ಹೆಸರು ಟೈಟಲ್‌ನಲ್ಲೇ ಬರುತ್ತದೆ, ಎಸ್. ಜಾನಕಿ ಹಾಡಿದ್ದು ಅಂತಲೇ ಹಾಡು ಗುರುತಾಗುತ್ತದೆ. ಆದರೆ ಈ ಪದ್ಧತಿಯೂ ಸುಮ್ನೆ ಬಂದದ್ದಲ್ಲ. 1949ರ ಹಿಂದಿ ಸಿನಿಮಾ 'ಮಹಲ್'ನಲ್ಲಿ ಲತಾ ಮಂಗೇಶ್ಕರ್ ಹಾಡಿದ ಪ್ರಸಿದ್ಧ ಹಾಡಿನ ರೆಕಾರ್ಡ್ ಮೇಲೆ ಇದ್ದದ್ದು ಪಾತ್ರದ ಹೆಸರು, 'ಕಾಮಿನಿ' ಅಂತ. ಈ ಕಾಮಿನಿ ಯಾರು ಅಂತ ಕೇಳುಗರು ರೇಡಿಯೊಗೆ ಪತ್ರ ಬರೆದ ಮೇಲೆ ಲತಾ ಹೆಸರು ಹೊರಗೆ ಬಂತು. ಅಂದರೆ ತುಟಿ ಆಡಿಸುವುದರಲ್ಲಿ ತಪ್ಪಿಲ್ಲ. ಹಾಡಿದವರ ಹೆಸರು ಮುಚ್ಚಿಟ್ಟಾಗ ಮಾತ್ರ ಅವರ ಕೈಯಿಂದ ಏನೋ ಕಸಿದ ಹಾಗೆ ಆಗುತ್ತದೆ.

ಏನದು? ಇದನ್ನು ಬಹಳ ಜನ ಬರೀ ಮರ್ಯಾದೆಯ ಪ್ರಶ್ನೆ ಅಂದುಕೊಳ್ಳುತ್ತಾರೆ. ಆದರೆ ಹೆಸರು ಇದ್ದರೆ ಮುಂದಿನ ಒಪ್ಪಂದದಲ್ಲಿ ಬೆಲೆ ಏರಿಸಬಹುದು, ಶೋಗಳಿಗೆ ಕರೆ ಬರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ರಾಯಲ್ಟಿ, ಅಂದರೆ ಹಾಡು ಬಳಕೆಯಾದಾಗೆಲ್ಲ ಸಿಗುವ ಪಾಲಿನ ಲೆಕ್ಕ ನಿಂತಿರುವುದೇ ಆ ಹೆಸರಿನ ಮೇಲೆ. ಅಮೆರಿಕದ ಉದಾಹರಣೆ ತೆಗೆದುಕೊಳ್ಳಿ. ಅಲ್ಲಿ ಮಾಮೂಲಿ ಎಎಂ, ಎಫ್‌ಎಂ ರೇಡಿಯೊದಲ್ಲಿ ಹಾಡು ಬಂದರೆ ಬರೆದವರಿಗೆ ಹಣ ಬರುತ್ತದೆ, ಹಾಡಿದವರಿಗೆ ಒಂದು ಪೈಸೆ ಇಲ್ಲ. ಹೆಸರಾಂತ ಗಾಯಕಿಗೂ ಇಲ್ಲ. 1995ರ ಕಾನೂನಿನಿಂದ ಡಿಜಿಟಲ್ ರೇಡಿಯೊಗೆ ಮಾತ್ರ ಬೇರೆ ಲೆಕ್ಕ ಬಂತು. ಸೌಂಡ್‌ಎಕ್ಸ್‌ಚೇಂಜ್ ಎಂಬ ಸಂಸ್ಥೆ ಅದನ್ನು ಹಂಚುತ್ತದೆ. ಅರ್ಧ ಹಣ ರೆಕಾರ್ಡಿಂಗ್ ಹಕ್ಕು ಇಟ್ಟುಕೊಂಡವರಿಗೆ, ಶೇ. 45 ಮುಖ್ಯ ಕಲಾವಿದರಿಗೆ, ಉಳಿದ ಶೇ. 5 ಹಿನ್ನೆಲೆಯಲ್ಲಿ ನುಡಿಸಿದ, ಹಾಡಿದ ಎಲ್ಲರಿಗೂ ಸೇರಿಸಿ. ಈಗ ಯೋಚಿಸಿ. ಹಾಡಿನ ಜೀವವೇ ನಿಮ್ಮ ದನಿ, ಆದರೆ ಕಾಗದದ ಮೇಲೆ ನೀವು ಮುಖ್ಯ ಕಲಾವಿದೆ ಅಲ್ಲ ಅಂದರೆ, ತಾಳ ಬಾರಿಸಿದವರ ಜೊತೆ ಆ ಶೇ. 5ರ ಸಾಲಿನಲ್ಲಿ ನಿಲ್ಲಬೇಕು. ಸ್ಪಾಟಿಫೈ ತರಹದ ಕಡೆ ಬರುವ ಹಣವಂತೂ ಕಂಪನಿ ಜೊತೆಗಿನ ಒಪ್ಪಂದದ ಪ್ರಕಾರ ಹಂಚಿಕೆಯಾಗುತ್ತದೆ, ಒಂದು ಸಲದ ಸಂಭಾವನೆಗೆ ಸಹಿ ಹಾಕಿದ್ದರೆ ಅಲ್ಲಿಗೆ ಮುಗಿಯಿತು.

ಮಾರ್ಥಾ ಕೇಸುಗಳ ನಂತರ ಹೆಸರು ಹಾಕುವುದು ರೂಢಿಗೆ ಬಂತು ಅನ್ನುವುದು ಹೆಚ್ಚು ಕಡಿಮೆ ನಿಜ. 1991ರಲ್ಲೇ ಮಾರ್ಕಿ ಮಾರ್ಕ್ ತಂಡ ತನ್ನ 'ಗುಡ್ ವೈಬ್ರೇಷನ್ಸ್' ಹಾಡಿನಲ್ಲಿ ಲೋಲಿಯಾಟಾ ಹಾಲೊವೇ ಹೆಸರನ್ನು ತಂಡದ ಹೆಸರಿನ ಜೊತೆಯಲ್ಲೇ ಹಾಕಿತು. ಅದೂ 'ಲವ್ ಸೆನ್ಸೇಷನ್'ನಿಂದ ಎತ್ತಿದ ದನಿಯೇ, ಈ ಸಲ ಗೌರವದಿಂದ. ಆದರೆ ಎಲ್ಲರೂ ಬದಲಾಗಲಿಲ್ಲ. 1993ರಲ್ಲಿ ಇಟಲಿಯಿಂದಲೇ ಬಂದ ಕೊರೋನಾ ತಂಡದ 'ರಿದಮ್ ಆಫ್ ದ ನೈಟ್' ಹಾಡಿದ್ದು ಜೆನ್ನಿ ಬಿ, ಜಗತ್ತು ನೋಡಿದ ಮುಖ ಓಲ್ಗಾ ಡಿಸೋಜಾ. ಇಪ್ಪತ್ತು ವರ್ಷ ಬಿಟ್ಟು 2013ರಲ್ಲಿ ಬ್ರಿಟನ್ನಿನ ವಿಲ್ಕಿನ್ಸನ್ ಅವರ 'ಆಫ್ಟರ್‌ಗ್ಲೋ' ಹಿಟ್ ಆದಾಗ ಹಾಡಿದ ಬೆಕಿ ಹಿಲ್ ಹೆಸರು ಅದರ ಮೇಲೆ ಇರಲಿಲ್ಲ. ಅದೇ ಬೆಕಿ ಹಿಲ್ 2022ರಲ್ಲಿ ಬ್ರಿಟ್ ಪ್ರಶಸ್ತಿಯಲ್ಲಿ ಅತ್ಯುತ್ತಮ ಡ್ಯಾನ್ಸ್ ಕಲಾವಿದೆ ಆದರು, ಮರುವರ್ಷವೂ ಆದರು.

ಹೆಸರು ಬಂದ ಮೇಲೂ ಕಷ್ಟ ತಪ್ಪಲ್ಲ ಅನ್ನುವುದಕ್ಕೆ ಬ್ರಿಟಿಷ್ ಗಾಯಕಿ ರೇ ಅವರೇ ಸಾಕ್ಷಿ. ಡಿಜೆಗಳ ಹಾಡುಗಳಲ್ಲಿ 'ಫೀಚರಿಂಗ್ ರೇ' ಅಂತ ವರ್ಷಗಟ್ಟಲೆ ಹಾಡಿದರು, ಹಿಟ್ ಮೇಲೆ ಹಿಟ್. ಆದರೆ ನಾಲ್ಕು ಆಲ್ಬಮ್‌ಗಳ ಒಪ್ಪಂದ ಇದ್ದರೂ ಕಂಪನಿ ತನ್ನ ಸ್ವಂತ ಆಲ್ಬಮ್ ಬಿಡಲು ಒಪ್ಪುತ್ತಿಲ್ಲ ಅಂತ 2021ರ ಜೂನ್‌ನಲ್ಲಿ ಬಹಿರಂಗವಾಗಿ ಬರೆದರು, ಹೊರಗೆ ಬಂದರು. 2023ರಲ್ಲಿ ಸ್ವಂತವಾಗಿ ಆಲ್ಬಮ್ ತಂದರು. 2024ರ ಬ್ರಿಟ್ ಪ್ರಶಸ್ತಿಗಳಲ್ಲಿ ಒಂದೇ ರಾತ್ರಿ ಆರು ಗೆದ್ದು ದಾಖಲೆ ಮಾಡಿದರು. ಚೆನ್ನಾಗಿದೆ ಕಥೆ. ಆದರೆ ಇಂಥ ಒಬ್ಬ ರೇ ಹಿಂದೆ 'ಫೀಚರಿಂಗ್' ಸಾಲಿನಲ್ಲೇ ಉಳಿದವರು ಎಷ್ಟು ಜನ ಇರಬಹುದು, ಅಲ್ವಾ?

ಮಾರ್ಥಾ ಕೂಡ ಕೊನೆಗೆ ಹಿಡಿದದ್ದು ಇದೇ ದಾರಿ. ಆರ್‌ಸಿಎಯಲ್ಲಿ 1993ರಲ್ಲಿ ಬಂದ ಅವರ ಮೊದಲ ಸ್ವಂತ ಆಲ್ಬಮ್ಮಿನ 'ಕ್ಯಾರಿ ಆನ್' ಮತ್ತು 'ಗಿವ್ ಇಟ್ ಟು ಯು' ಡ್ಯಾನ್ಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋದವು. ಆಗ ಅವರಿಗೆ ನಲವತ್ತರ ಹತ್ತಿರ. 2004ರಲ್ಲಿ ಪರ್ಪಲ್ ರೋಸ್ ರೆಕಾರ್ಡ್ಸ್ ಅಂತ ತಮ್ಮದೇ ಕಂಪನಿ ತೆರೆದರು. 2013ರಲ್ಲಿ ಒಂದು ಆಲ್ಬಮ್, 2020ರಲ್ಲಿ ಇನ್ನೊಂದು. ಹಳೇ ಹಿಟ್‌ಗಳ ಮಟ್ಟಕ್ಕೆ ಇವು ಮುಟ್ಟಲಿಲ್ಲ, ನಿಜ. ಆದರೆ ಹಕ್ಕು ಯಾರದು ಅನ್ನುವ ಪ್ರಶ್ನೆಯೇ ಅಲ್ಲಿಲ್ಲ. ನನ್ನ ಪ್ರಕಾರ ಕೋರ್ಟಿನ ರಾಜಿಗಿಂತ ಜಾಣ ಹೆಜ್ಜೆ ಇದೇ. ತೊಂದರೆ ಏನಂದರೆ ಎಲ್ಲರಿಗೂ ಇದು ಆಗುವುದಿಲ್ಲ. ಸ್ವಂತ ಕಂಪನಿ ನಡೆಸಲು ಮೊದಲು ಒಂದು ಹೆಸರು ಬೇಕು.

ಈಗ ಎಐಗೆ ಬರೋಣ. ಮಾರ್ಥಾ ಕೈಲಿ ಒಂದು ಬಲವಾದ ಸಾಕ್ಷಿ ಇತ್ತು: ಅವರು ಸ್ಟುಡಿಯೊಗೆ ಹೋಗಿದ್ದರು. ಮೈಕ್ ಮುಂದೆ ನಿಂತಿದ್ದರು, ಟೇಪ್ ಇತ್ತು, ಸಂಭಾವನೆ ಕೊಟ್ಟವರಿದ್ದರು. ಲೋಲಿಯಾಟಾ ವಿಷಯದಲ್ಲಿ ಮೂಲ ರೆಕಾರ್ಡೇ ಇತ್ತು, ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದರೆ ಮುಗಿಯಿತು. ಎಐ ದನಿಯಲ್ಲಿ ಸೆಷನ್ನೇ ಇಲ್ಲ. ಸಾವಿರಾರು ಗಂಟೆ ಹಾಡುಗಳನ್ನು ನುಂಗಿದ ಯಂತ್ರ ಹೊಸದೊಂದು ಗಂಟಲನ್ನು ಉಗುಳುತ್ತದೆ, ಅದರಲ್ಲಿ ಯಾರ ಪಾಲು ಎಷ್ಟು ಅಂತ ಕಿವಿಗೊಟ್ಟು ಹೇಳಲಾಗದು. ಹಾಗಂತ ಕಾನೂನು ಪೂರ್ತಿ ಕೈಕಟ್ಟಿ ಕೂತಿಲ್ಲ. 1988ರಲ್ಲೇ ಫೋರ್ಡ್ ಕಾರಿನ ಜಾಹೀರಾತಿನಲ್ಲಿ ಬೆಟ್ ಮಿಡ್ಲರ್ ದನಿಯನ್ನು ಬೇರೆಯವರಿಂದ ಅನುಕರಣೆ ಮಾಡಿಸಿದಾಗ, ಹೆಸರಾದ ಗಾಯಕಿಯ ದನಿಯನ್ನು ಹಾಗೆ ನಕಲು ಮಾಡಿ ವ್ಯಾಪಾರಕ್ಕೆ ಬಳಸುವಂತಿಲ್ಲ ಅಂತ ಅಮೆರಿಕದ ಮೇಲ್ಮನವಿ ಕೋರ್ಟ್ ಹೇಳಿತ್ತು. 2024ರ ಮಾರ್ಚ್‌ನಲ್ಲಿ ಟೆನೆಸ್ಸಿ ರಾಜ್ಯ ಎಲ್ವಿಸ್ ಆ್ಯಕ್ಟ್ ತಂದು ದನಿಗೂ ರಕ್ಷಣೆ ಕೊಟ್ಟಿತು. ಇಡೀ ದೇಶಕ್ಕೆ ಅನ್ವಯಿಸುವ ನೋ ಫೇಕ್ಸ್ ಮಸೂದೆಯನ್ನು 2024ರಲ್ಲಿ ಮಂಡಿಸಿ, 2025ರಲ್ಲಿ ಮತ್ತೆ ಮಂಡಿಸಿದ್ದಾರೆ.

ಆದರೆ ಗಮನಿಸಿ, ಮಿಡ್ಲರ್ ತೀರ್ಪಿನಲ್ಲಿ ಇರುವುದು ಹೆಸರಾದ ದನಿ. ಜೋರ್ಜಾ ಸ್ಮಿತ್ ವಿಷಯದಲ್ಲೂ ಗದ್ದಲ ಎದ್ದದ್ದು ಜನರಿಗೆ ಅವರ ದನಿ ಗೊತ್ತಿದ್ದರಿಂದ. 1990ರ ಮಾರ್ಥಾ ತರಹದವರ ಗತಿ ಏನು? ದನಿ ಎಲ್ಲರಿಗೂ ಗೊತ್ತು, ಹೆಸರು ಯಾರಿಗೂ ಗೊತ್ತಿಲ್ಲ. ಅಂಥ ಗಾಯಕಿಯ ದನಿಯನ್ನು ಯಂತ್ರ ಕಲಿತರೆ, ಇದು ಇಂಥವರದ್ದು ಅಂತ ಗುರುತು ಹಿಡಿದು ಬರೆಯುವ ಅಭಿಮಾನಿಗಳೇ ಇರುವುದಿಲ್ಲ. ಎಐ ಚರ್ಚೆ ಬರೀ ದೊಡ್ಡ ತಾರೆಗಳ ಸುತ್ತ ಸುತ್ತುತ್ತಿರುವುದು ನನಗೆ ಸರಿ ಕಾಣದಿರುವುದು ಇದಕ್ಕೇ.

ಕೆಳಗಿನ ಮಟ್ಟದಲ್ಲಿ ಸ್ವಲ್ಪ ಕೆಲಸ ಆಗಿದೆ. ಅಮೆರಿಕದ ಕಲಾವಿದರ ಯೂನಿಯನ್ ಸ್ಯಾಗ್-ಆಫ್ಟ್ರಾ 2024ರ ಏಪ್ರಿಲ್‌ನಲ್ಲಿ ದೊಡ್ಡ ರೆಕಾರ್ಡ್ ಕಂಪನಿಗಳ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ, ಗಾಯಕ ಅಂದರೆ ಮನುಷ್ಯನೇ ಆಗಿರಬೇಕು, ದನಿಯ ಡಿಜಿಟಲ್ ನಕಲು ಮಾಡಿ ಹಾಡು ಬಿಡುವ ಮೊದಲು ಸ್ಪಷ್ಟ ಒಪ್ಪಿಗೆ ಮತ್ತು ಕನಿಷ್ಠ ಹಣ ಕೊಡಬೇಕು ಅಂತ ಬರೆಸಿದೆ. ಒಳ್ಳೆಯದೇ. ಆದರೆ ಅದು ಯೂನಿಯನ್ ಕೆಲಸಕ್ಕೆ ಮಾತ್ರ. ಇವತ್ತಿನ ಡ್ಯಾನ್ಸ್ ಹಾಡುಗಳಲ್ಲಿ ಎಷ್ಟೋ ಹುಟ್ಟುವುದು ಮನೆಯ ಕೋಣೆಯಲ್ಲಿ, ಲ್ಯಾಪ್‌ಟಾಪಿನಲ್ಲಿ. ದನಿ ಬರುವುದು 'ರಾಯಲ್ಟಿ ಫ್ರೀ' ಸ್ಯಾಂಪಲ್ ಪ್ಯಾಕ್‌ಗಳಿಂದ, ಅಂದರೆ ಮೊದಲೇ ಹಾಡಿಟ್ಟ ದನಿ ತುಣುಕುಗಳ ಕಟ್ಟುಗಳಿಂದ; ಒಂದು ಸಲ ಹಣ ಕೊಟ್ಟರೆ ಸಾಕು, ಹಾಡು ಎಷ್ಟೇ ಓಡಿದರೂ ಮತ್ತೆ ಕೊಡಬೇಕಿಲ್ಲ. ಮಾರ್ಥಾ ಕಾಲದ ಸೆಷನ್ ಸಂಭಾವನೆಯ ಹೊಸ ರೂಪ ಇದು. ಈ ಪ್ಯಾಕ್‌ಗಳಿಗೆ ಹಾಡುವ ಹುಡುಗಿ ಸಹಿ ಹಾಕುವ ಕಾಗದದಲ್ಲಿ 'ಈಗಿರುವ ಮತ್ತು ಮುಂದೆ ಬರುವ ಎಲ್ಲ ತಂತ್ರಜ್ಞಾನದಲ್ಲೂ ಬಳಸಬಹುದು' ಅನ್ನುವ ಸಾಲು ಇದ್ದರೆ, ಎಐಗೆ ದನಿ ಕಲಿಸಲು ಒಪ್ಪಿಗೆಯನ್ನೂ ಅದರಲ್ಲೇ ಕೊಟ್ಟಿದ್ದಾಳೆ ಅಂತ ಕಂಪನಿ ವಾದಿಸಬಹುದು. ಹಾಡುವ ಕೆಲಸಕ್ಕೆ ಇಳಿಯುವವರು ಸಂಭಾವನೆ ಎಷ್ಟು ಅಂತ ಕೇಳುವ ಮೊದಲೇ ಆ ಸಾಲನ್ನು ಹುಡುಕಬೇಕು, ಇದ್ದರೆ ಹೊಡೆದು ಹಾಕಿಸಬೇಕು, ಎಐ ತರಬೇತಿಗೆ ಬೇರೆ ಒಪ್ಪಿಗೆ, ಬೇರೆ ಹಣ ಅಂತ ಬರೆಸಬೇಕು.